ಹುಣಸೆ ಬೀಜದ ಹಾಲುಬಾಯಿ

ನನ್ನ ಮಗಳು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ರಜೆಗೆ ಬಂದಾಗೆಲ್ಲ ನನ್ನ ಅಡುಗೆಮನೆಯನ್ನು ಪ್ರಯೋಗಶಾಲೆ ಮಾಡುವುದು ಅವಳ ಚಟ. ಹೋದ ಬೇಸಿಗೆಯಲ್ಲಿ ಎರಡು ಲೋಟಗಳಲ್ಲಿ ಎರಡು ಗಂಜಿ ಇಟ್ಟು, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ತಂದು ಒಂದೊಂದು ತೊಟ್ಟು ಬಿಟ್ಟಳು. ರಾಗಿಯ ಗಂಜಿ ಕಪ್ಪೆನ್ನುವಷ್ಟು ನೀಲಿಯಾಯಿತು. ಹುಣಸೆ ಬೀಜದ್ದು ಮಾತ್ರ ಹಸಿರು ಬೆರೆತ ನೀಲಿಗೆ ತಿರುಗಿತು. "ನೋಡಮ್ಮ, ಎರಡೂ ಬೇರೆಬೇರೆ" ಎಂದಳು, ಏನೋ ದೊಡ್ಡ ಗುಟ್ಟು ಒಡೆಯುವವಳ ಹಾಗೆ. ನನಗೆ ಹೇಳುತ್ತಾಳೆ! ಆ ಎರಡು ಗಂಜಿ ಅದಲುಬದಲಾಗಿ ನನ್ನ ಮದುವೆಯೇ ಮುರಿದುಬೀಳುವುದರಲ್ಲಿತ್ತು. ಮುರಿದಿದ್ದರೆ ಅವಳೂ ಇರುತ್ತಿರಲಿಲ್ಲ, ಅವಳ ಅಯೋಡಿನ್ನೂ ಇರುತ್ತಿರಲಿಲ್ಲ.

ಅದು ಮಹಾರಾಜರ ಕಾಲ. ಎಲ್ಲೋ ಯುದ್ಧ ನಡೆಯುತ್ತಿತ್ತು. ನಮಗೆ ಅದು ಗೊತ್ತಾಗುತ್ತಿದ್ದುದು ಸೀಮೆಎಣ್ಣೆ ಸಿಗದೆ ಇದ್ದಾಗ ಮಾತ್ರ. ಶಿರಾ ಸೀಮೆಯ ನಮ್ಮ ಹಳ್ಳಿಯಲ್ಲಿ ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಹೆಂಗಸರು ಉಣ್ಣೆ ನೂಲುವುದು, ಗಂಡಸರು ನೇಯುವುದು. ಈ ಕಸುಬಿಗೆ ಕುರಿ ಎಷ್ಟು ಮುಖ್ಯವೋ ಹುಣಸೆ ಮರವೂ ಅಷ್ಟೇ ಮುಖ್ಯ ಎಂದರೆ ಈಗಿನವರು ನಗುತ್ತಾರೆ. ಹುಣಸೆ ಬೀಜವನ್ನು ಹುರಿದು, ಕುಟ್ಟಿ, ಕೆಂಪು ಸಿಪ್ಪೆ ಕೇರಿ ತೆಗೆದು, ಒಳಗಿನ ಬೇಳೆಯನ್ನು ನೆನೆಹಾಕಿ ನುಣ್ಣಗೆ ರುಬ್ಬಬೇಕು. ಆಮೇಲೆ ನೀರು ಬೆರೆಸಿ ಕುದಿಸಬೇಕು. ತಣ್ಣೀರಿನಲ್ಲಿ ಎಷ್ಟು ಕಲಕಿದರೂ ಅದು ಸುಮ್ಮನೆ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಕುದಿ ಬಂದ ಮೇಲೆ ನೋಡಬೇಕು ಅದರ ಅಂಟು, ಸೌಟಿನಿಂದ ಕೆಳಗೆ ಬೀಳಲು ಮನಸ್ಸೇ ಇಲ್ಲದಂತೆ ಎಳೆ ಎಳೆಯಾಗಿ ಜೋತಾಡುತ್ತದೆ.

ಮಗ್ಗಕ್ಕೆ ಉದ್ದಕ್ಕೆ ಏರಿಸುವ ನೂಲಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬಯಲಿನಲ್ಲಿ ಎಳೆದು ಕಟ್ಟಿ, ನಾರಿನ ಕುಂಚದಲ್ಲಿ ಈ ಗಂಜಿಯನ್ನು ಬಳಿದು, ಬಿಸಿಲಿಗೆ ಒಣಗಿಸುತ್ತಾರೆ. ಆಗ ಒಂದೊಂದು ಎಳೆಗೂ ತೆಳ್ಳನೆಯ ಅಂಗಿ ತೊಡಿಸಿದ ಹಾಗಾಗುತ್ತದೆ. ಬಾಗಿಸಿದರೆ ಬಾಗುತ್ತದೆ, ಬಿರಿಯುವುದಿಲ್ಲ.

ನನಗೆ ಆಗ ಮದುವೆಯ ವಯಸ್ಸು ದಾಟುತ್ತಿತ್ತು, ನಮ್ಮೂರಿನ ಲೆಕ್ಕದಲ್ಲಿ. ಎರಡು ಕಡೆಯವರು ಬಂದು ನೋಡಿ, ಉಂಡು, "ಹೇಳಿ ಕಳಿಸ್ತೀವಿ" ಎಂದು ಎದ್ದು ಹೋಗಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ನಾನು ಎತ್ತರ, ಕಪ್ಪು, ಬಾಯಿ ಬೇರೆ ಜೋರು. "ಬೇವಿನ ಮರಕ್ಕೆ ಸೀರೆ ಉಡಿಸ್ದಂಗವ್ಳೆ" ಎಂದು ಯಾರೋ ಆಡಿದ ಮಾತು ಅವ್ವನ ಕಿವಿಗೂ ಬಿದ್ದಿತ್ತು. ಅವ್ವ ಅದನ್ನು ನನಗೆ ಹೇಳಲಿಲ್ಲ, ಆದರೆ ಅಂದಿನಿಂದ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಸುಮ್ಮಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದಳು.

ಮೂರನೆಯ ಸಂಬಂಧ ಪಾವಗಡದ ಕಡೆಯದು, ಆ ಸೀಮೆಯ ಹೊಸಕೋಟೆಗೂ ಆಚೆ, ತೆಲುಗು ಬೆರೆತ ಮಾತಿನ ಗಡಿಯ ಹಳ್ಳಿ. ಈ ಸಂಬಂಧ ನನಗೆ ಬೇಕಿತ್ತು. ಮುಚ್ಚುಮರೆ ಯಾಕೆ, ತುಂಬಾ ಬೇಕಿತ್ತು. ಕುರಿಯ ಕೂದಲು ಕತ್ತರಿಸುವ ಕಾಲದಲ್ಲಿ ಆ ಹುಡುಗ ಉಣ್ಣೆ ಕೊಳ್ಳಲು ನಮ್ಮ ಮನೆಗೆ ಬಂದಿದ್ದ. ಮೂಟೆ ಹೊತ್ತು ಹೊರಡುವಾಗ ನಮ್ಮ ಗಿಡ್ಡ ಬಾಗಿಲಿಗೆ ಹಣೆ ಬಡಿದುಕೊಂಡು, ಹಣೆ ಉಜ್ಜಿಕೊಳ್ಳುತ್ತಾ ತನ್ನಷ್ಟಕ್ಕೆ ನಕ್ಕುಬಿಟ್ಟ. ನಮ್ಮ ಮನೆಯ ಗಂಡಸರೆಲ್ಲ ಅದೇ ಬಾಗಿಲಿಗೆ ಬಡಿದುಕೊಂಡವರೇ, ಆದರೆ ಅವರು ಬಾಗಿಲನ್ನು ಬೈಯುತ್ತಿದ್ದರು. ನಗುವವನನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟೇ ಸಾಕಾಯಿತು ನನಗೆ.

ಆದರೆ ಅವರ ಮನೆಯಲ್ಲಿ ಯಜಮಾನಿಕೆ ಅವನ ಅಜ್ಜಿಯದು. ಆಯಮ್ಮ ಗೆರೆ ಎಳೆದರೆ ಮಗನೂ ದಾಟುವುದಿಲ್ಲ, ಮೊಮ್ಮಗನೂ ದಾಟುವುದಿಲ್ಲ ಎಂಬ ಸುದ್ದಿ ಮೊದಲೇ ಬಂದಿತ್ತು. ಆಯಮ್ಮ ಹೆಣ್ಣಿನ ಮುಖ ನೋಡುವುದಿಲ್ಲವಂತೆ, ನೂಲು ನೋಡುತ್ತದಂತೆ. ಅಪ್ಪನಿಗೆ ಇದನ್ನು ಕೇಳಿ ಧೈರ್ಯ ಬಂತು. ಮುಖದ ವಿಷಯದಲ್ಲಿ ಅವನು ಏನೂ ಮಾಡುವ ಹಾಗಿರಲಿಲ್ಲ, ನೂಲಿನ ವಿಷಯದಲ್ಲಿ ಮಾಡಬಹುದಿತ್ತು. ಪೂರ್ತಿ ನಾನೇ ನೂತ ನೂಲಿನಿಂದ ಒಂದು ಹಾಸು ಹೂಡಿದ, ಕಪ್ಪು ಮೈ, ಬಿಳಿ ಅಂಚು. ಅವರು ಬರುವ ಹೊತ್ತಿಗೆ ಅದು ಗಂಜಿ ಹೀರಿ ಬಿಸಿಲಲ್ಲಿ ಬಿಗಿದು ನಿಂತಿರಬೇಕು, ಗಾಡಿಯಿಂದ ಇಳಿಯುವಾಗಲೇ ಕಣ್ಣಿಗೆ ಬೀಳಬೇಕು ಎಂದು ಅವನ ಲೆಕ್ಕಾಚಾರ. ಬಿಳಿ ಅಂಚಿಗೆ ಕಲೆ ಹತ್ತಬಾರದೆಂದು ಅವ್ವ ಹುಣಸೆ ಬೀಜದ ಸಿಪ್ಪೆಯನ್ನು ಚೂರೂ ಉಳಿಯದಂತೆ ತೆಗೆದು, ಬೇಳೆಯನ್ನು ಹಾಲಿನಂತೆ ರುಬ್ಬಿಟ್ಟಳು.

ಅದೇ ಸಂಜೆ ಕೊರಟಗೆರೆ ಕಡೆಯಿಂದ ನಮ್ಮ ಸೋದರತ್ತೆ ಬಂದಿಳಿದಳು. ಅಪ್ಪನ ಅಕ್ಕ, ಸಿದ್ದರಬೆಟ್ಟದ ತಪ್ಪಲಿಗೆ ಕೊಟ್ಟಿದ್ದರು. ಹಾಲುಬಾಯಿ ಮಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಅವಳೇ ಹೇಳುತ್ತಿದ್ದಳು. ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಹಾಕಿ ಕಾಯಿಸಿ, ತಟ್ಟೆಗೆ ಸುರಿದು ಕೊಯ್ಯುವ ಸಿಹಿ ಅದು. ಆ ರಾತ್ರಿ ನಮ್ಮ ಮನೆಯಲ್ಲಿ ಎರಡು ಮಡಕೆ ತಯಾರಾದವು. ಒಂದರಲ್ಲಿ ರಾಗಿ ಹಾಲು, ಇನ್ನೊಂದರಲ್ಲಿ ಹುಣಸೆ ಬೀಜ. ಎರಡರ ಬಾಯಿಗೂ ಬಿಳಿ ಬಟ್ಟೆ ಕಟ್ಟಿ ಎತ್ತಿಟ್ಟವಳು ಅವ್ವ.

ಈಗ ಒಂದು ಮಾತು ಹೇಳಬೇಕು. ಮಗ್ಗದ ಮನೆಗಳಲ್ಲಿ ರುಬ್ಬಿದ ಹುಣಸೆ ಬೀಜವನ್ನು ಒಲೆಯ ಮಗ್ಗುಲಲ್ಲೇ ಇಡುವುದು, ಬೆಚ್ಚಗಿದ್ದರೆ ಚೆನ್ನಾಗಿ ಉಬ್ಬುತ್ತದೆ ಎಂದು. ತಿನ್ನುವ ಪದಾರ್ಥ ಹುಳಿಯದಿರಲೆಂದು ಬಾಗಿಲ ಸಂದಿಯ ತಂಪಿಗೆ ಹೋಗುತ್ತದೆ. ಸೋದರತ್ತೆಯ ಮನೆಯಲ್ಲಿ ಬೇಸಾಯ, ಮಗ್ಗ ಇಲ್ಲ. ಅವಳ ಪಾಲಿಗೆ ಒಲೆಯ ಪಕ್ಕದ ಮಡಕೆ ಎಂದರೆ ಅಡುಗೆಯ ಮಡಕೆ, ಬಾಗಿಲ ಸಂದಿಯದು ಏನೋ ಕಸುಬಿನ ಗಲೀಜು. ಬೆಳಗಿನ ಜಾವ ಅವ್ವ ನನ್ನ ತಲೆಗೆ ನೀರು ಹುಯ್ಯುತ್ತಿದ್ದಾಗ, ಸೋದರತ್ತೆ ಒಲೆ ಹೊತ್ತಿಸಿ ಪಕ್ಕದ ಮಡಕೆಯನ್ನು ಎತ್ತಿ ಬಾಣಲೆಗೆ ಬಗ್ಗಿಸಿಯೇಬಿಟ್ಟಳು.

ಅತ್ತ ಹೊರಗೆ ಚಿಕ್ಕಪ್ಪ ಗಂಜಿ ಕುದಿಸಲು ಮೂರು ಕಲ್ಲು ಹೂಡಿದ್ದ. ಒಲೆಯ ಪಕ್ಕದ ಮಡಕೆ ಖಾಲಿ ಇದ್ದದ್ದನ್ನು ನೋಡಿ, ಅತ್ತಿಗೆ ಜಾಗ ಬದಲಾಯಿಸಿರಬೇಕು ಎಂದುಕೊಂಡು ಬಾಗಿಲ ಸಂದಿಯದನ್ನು ಹೊತ್ತುಕೊಂಡು ಹೋದ. ಕತ್ತಲೆ ಇನ್ನೂ ಹರಿದಿರಲಿಲ್ಲ. ಹಗಲಾಗಿದ್ದರೆ ಬಣ್ಣ ಹೇಳುತ್ತಿತ್ತು, ಮೂಗಿದ್ದರೆ ವಾಸನೆ ಹೇಳುತ್ತಿತ್ತು. ಚಿಕ್ಕಪ್ಪನ ಮೂಗು ಇಪ್ಪತ್ತು ವರ್ಷದ ನಶ್ಯದಿಂದ ಯಾವತ್ತೋ ಕೆಲಸ ಬಿಟ್ಟಿತ್ತು.

ಸೋದರತ್ತೆಯ ಬಾಣಲೆಯಲ್ಲಿ ಮಾತ್ರ ಏನೋ ಸರಿಯಿರಲಿಲ್ಲ. ಹಾಲುಬಾಯಿ ಕುದಿದಂತೆಲ್ಲ ಮುದ್ದೆಯಾಗಿ ತಳ ಬಿಡಬೇಕು. ಇದು ಬಿಡಲೊಲ್ಲದು. ಸೌಟು ಎತ್ತಿದರೆ ಜೊತೆಗೇ ಎದ್ದು ಬರುತ್ತದೆ. "ಇದ್ಯಾವ ರಾಗಿನಮ್ಮ ನಿಮ್ ಶಿರಾ ಸೀಮೆದು, ಜಿಗಣೆ ಹಿಡ್ದಂಗೆ ಹಿಡ್ಕತದಲ್ಲ!" ಎಂದು ಗೊಣಗುತ್ತಿದ್ದುದು ಬಚ್ಚಲಿನ ತನಕ ಕೇಳುತ್ತಿತ್ತು. ಬಾಯಿಗೆ ಹಾಕಿ ನೋಡುವ ಹಾಗಿರಲಿಲ್ಲ. ಮೊದಲ ಎಡೆ ಮನೆದೇವರಿಗೆ. ಎಡೆ ಇಡುವ ಮೊದಲು ಎಂಜಲು ಮಾಡುವುದು ಉಂಟೆ? ಎಡೆ ಇಟ್ಟಾದ ಮೇಲೆ ನೆಂಟರಿಗೆ. ಅವರಿಗಿಂತ ಮೊದಲು ಮನೆಯವರು ತಿನ್ನುವುದು ಉಂಟೆ? ಹೀಗೆ ಯಾರ ನಾಲಿಗೆಯೂ ಅದನ್ನು ಮುಟ್ಟಲಿಲ್ಲ. ಸೋದರತ್ತೆಗೆ ಗೊತ್ತಿದ್ದ ಉಪಾಯ ಒಂದೇ. ಅಡುಗೆ ಕೈಕೊಟ್ಟರೆ ಬೆಲ್ಲ ಹಾಕು. ತನ್ನೂರಿನಿಂದ ತಂದಿದ್ದ ಅಚ್ಚು ಬೆಲ್ಲವನ್ನೆಲ್ಲ ಸುರಿದಳು.

ಬೇರೆ ಯಾವುದನ್ನು ಸುರಿದಿದ್ದರೂ ಆ ದಿನ ತಟ್ಟೆಯಲ್ಲಿ ಅಂಟೇ ಉಳಿಯುತ್ತಿತ್ತು. ಮಗಳು ಇದನ್ನು ನನಗೆ ಬಿಡಿಸಿ ಹೇಳಿದ್ದಾಳೆ. ರಾಗಿಯದೂ ಹುಣಸೆ ಬೀಜದ್ದೂ ಸಕ್ಕರೆಯ ಸರಪಳಿಗಳೇ, ಗ್ಲೂಕೋಸಿಗೆ ಗ್ಲೂಕೋಸ್ ಕೊಂಡಿ ಹಾಕಿದ್ದು. ರಾಗಿಯಲ್ಲಿ ಆ ಕೊಂಡಿಗಳು ಸೇರಿರುವ ರೀತಿಗೆ ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಬೇಯಿಸಿ ಆರಿಸಿದರೆ ತಾನಾಗಿಯೇ ಗಟ್ಟಿ, ತೆಳ್ಳಗೆ ಒಣಗಿದರೆ ಪುಡಿಪುಡಿ. ಹುಣಸೆ ಬೀಜದ ಸರಪಳಿ ನೆಟ್ಟಗಿರುವಂಥದು. ಹತ್ತಿ ನೂಲಿನ ಒಳಗೂ ಅಂಥದೇ ಸರಪಳಿಯಂತೆ. ಆದರೆ ಹತ್ತಿಯಲ್ಲಿ ಅವು ಮೈಗೆ ಮೈ ಹತ್ತಿಸಿ ಮಲಗಿರುವುದರಿಂದ ನಡುವೆ ನೀರಿಗೆ ಜಾಗವಿಲ್ಲ, ಪಂಚೆಯನ್ನು ಎಷ್ಟು ಕುದಿಸಿದರೂ ಪಂಚೆಯೇ. ಹುಣಸೆ ಬೀಜದಲ್ಲಿ ನಾಲ್ಕು ಕೊಂಡಿಗೆ ಮೂರರಂತೆ ಪಕ್ಕಕ್ಕೆ ಚಿಕ್ಕ ಕವಲುಗಳು. ಕ್ಸೈಲೋಸ್ ಎಂಬ ಬೇರೊಂದು ಸಕ್ಕರೆ, ಅಲ್ಲಲ್ಲಿ ಅದರ ತುದಿಗೆ ಗ್ಯಾಲಕ್ಟೋಸ್ ಎಂಬ ಇನ್ನೊಂದು. ಈ ಕವಲುಗಳು ಅಡ್ಡ ಬಂದು ಸರಪಳಿಗಳು ಒತ್ತಿ ಮಲಗಲಾರವು; ಸಂದಿಯಲ್ಲೆಲ್ಲ ನೀರು ನುಗ್ಗಿ ಅಂಟಾಗುತ್ತದೆ. ಹಾಗೇ ಬಿಟ್ಟರೆ ಎಷ್ಟು ಆರಿದರೂ ಹೆಪ್ಪುಗಟ್ಟುವುದಿಲ್ಲ. ಬೆಲ್ಲ ಧಾರಾಳವಾಗಿ ಬಿದ್ದರೆ ಮಾತ್ರ ಅದು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆಗ ಸರಪಳಿಗಳು ಬೇರೆ ಗತಿಯಿಲ್ಲದೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸೋದರತ್ತೆಯ ಕೈ ಜಿಪುಣ ಕೈ ಅಲ್ಲದ್ದು ನಮ್ಮ ಪುಣ್ಯ.

ನೆಂಟರು ಗಾಡಿ ಕಟ್ಟಿಕೊಂಡು ಬಂದಾಗ ಹೊತ್ತು ಚೆನ್ನಾಗಿ ಏರಿತ್ತು. ಹುಡುಗನ ಅಪ್ಪ, ಒಬ್ಬಿಬ್ಬರು ಊರ ಹಿರಿಯರು, ಅಜ್ಜಿ. ಹುಡುಗ ಬಂದಿರಲಿಲ್ಲ, ಆಗ ಗಂಡು ಬರುವ ಪದ್ಧತಿ ಇರಲಿಲ್ಲ. ಅಜ್ಜಿ ಗಿಡ್ಡ, ಬಾಯಲ್ಲಿ ಒಂದು ಹಲ್ಲೂ ಇಲ್ಲ, ಕಣ್ಣು ಮಾತ್ರ ಗಿಡುಗನ ಕಣ್ಣು. ಹಾಸನ್ನು ದೂರದಿಂದಲೇ ಒಮ್ಮೆ ನೋಡಿ, ಒಳಗೆ ಬಂದು ಕಂಬಳಿಯ ಮೇಲೆ ಕೂತರು.

ಹಾಲುಬಾಯಿ ತಟ್ಟೆಗೆ ಬಂತು. ನಾನು ಅಂಥ ಹಾಲುಬಾಯಿ ಕಂಡಿರಲಿಲ್ಲ. ಜೇನಿನ ಬಣ್ಣ, ಆಚೆಯ ಬೆಳಕು ಈಚೆಗೆ ಕಾಣುವಷ್ಟು ತಿಳಿ, ತಟ್ಟೆ ಅಲುಗಿದರೆ ತಾನೂ ಅಲುಗುತ್ತಿತ್ತು. ಅಜ್ಜಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಂದು ಹಾಕಿಕೊಂಡರು.

"ಬಾಗುಂದಿ, ಶಾನೆ ಬಾಗುಂದಿ! ವಸಡಿಗೆ ಮೆತ್ಕಳ್ಳಾಕಿಲ್ಲ, ಅಂಗೇ ಜಾರ್ಕಂಡು ಒಳಕ್ಕೋಯ್ತದೆ. ಯಾರು ಮಾಡಿದ್ದು?"

ಹೆಣ್ಣು ನೋಡುವ ದಿನ ಈ ಪ್ರಶ್ನೆಗೆ ಉತ್ತರ ಒಂದೇ. ಅನ್ನ ಬೇಯಿಸಿದ್ದೂ ಹುಡುಗಿಯೇ, ರಂಗೋಲಿ ಇಟ್ಟದ್ದೂ ಹುಡುಗಿಯೇ, ಹಸು ಕರು ಹಾಕಿದ್ದರೆ ಅದಕ್ಕೂ ಹುಡುಗಿಯೇ ಕಾರಣ. ಸೋದರತ್ತೆ ಎದೆಯುಬ್ಬಿಸಿ, "ಎಲ್ಲಾ ನಮ್ಮುಡ್ಗೀನೇ ಕಣಮ್ಮ, ನಾನು ಒಲೆ ತಾವ್ಕೂ ಓಗ್ಲಿಲ್ಲ" ಎಂದಳು.

ಅಷ್ಟು ಹೊತ್ತಿಗೆ ಚಿಕ್ಕಪ್ಪ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡು ಅಪ್ಪನಿಗೆ ಕೈಸನ್ನೆ ಮಾಡಿದ. ಮುಖ ಬಿಳಿಚಿಕೊಂಡಿತ್ತು. ಅಪ್ಪ ಎದ್ದು ಹೋದ. ನಾನು ಒಳಮನೆಯ ಗೋಡೆಗೆ ಒರಗಿ ನಿಂತಿದ್ದರಿಂದ ಪಿಸುಮಾತು ಪೂರ್ತಿ ಕೇಳಿಸಿತು.

"ಅಣ್ಣೋ, ಹಾಸು ಕೈಯಾಗೆ ಮುಟ್ಟಿದ್ರೆ ಹಿಟ್ಟು ಉದುರ್ತೈತೆ. ನೆಕ್ಕಿ ನೋಡ್ದೆ. ರಾಗಿ ಕಣಣ್ಣೋ!"

"ಲೇ, ರಾಗಿ ಹಚ್ಚಿದ್ರೆ ಮತ್ತೆ ಹುಣಸೆ ಬೀಜ ಎಲ್ಲೋಯ್ತಲಾ?"

ಇಬ್ಬರೂ ಒಟ್ಟಿಗೆ ನಡುಮನೆಯ ಕಡೆ ತಿರುಗಿದರು. ಅಜ್ಜಿ ಮೂರನೆಯ ತುಂಡಿಗೆ ಕೈ ಹಾಕುತ್ತಿದ್ದರು.

ಅವ್ವ ಬಂದಳು, ಕೇಳಿದಳು, ಸೆರಗು ಬಾಯಿಗೆ ತುರುಕಿಕೊಂಡಳು. ಸೋದರತ್ತೆ ಬಂದಳು. ಅವಳಿಗೆ ಮರ್ಯಾದೆಯ ಯೋಚನೆಗಿಂತ ಮೊದಲು ಬಂದದ್ದು ವೈದ್ಯದ ಯೋಚನೆ. "ಅಯ್ಯಯ್ಯೋ, ವಯಸ್ಸಾದ ಜೀವ! ಕರುಳೆಲ್ಲ ಒಂದಕ್ಕೊಂದು ಅಂಟ್ಕಂಬುಟ್ರೆ ಏನ್ರಪ್ಪಾ ಗತಿ?" ಅಪ್ಪ ಗೋಡೆ ಹಿಡಿದು ನಿಂತುಬಿಟ್ಟ. ಈ ಕರುಳಿನ ಮಾತು ನನಗೂ ನಿಜವಾಗಿ ಭಯ ಹುಟ್ಟಿಸಿತು. ಚಿಕ್ಕವರಾಗಿದ್ದಾಗ ಹುರಿದ ಹುಣಸೆ ಬೀಜ ಕಡಿದದ್ದು ಬೇರೆ, ಮಗ್ಗಕ್ಕೆ ಬಳಿಯುವ ಅಂಟನ್ನು ತಟ್ಟೆಗಟ್ಟಲೆ ತಿನ್ನುವುದು ಬೇರೆ. ಸತ್ತರೆ ಕೊಲೆ, ಬದುಕಿದರೆ ಅವಮಾನ. ಹೆಣ್ಣು ನೋಡಲು ಹೋದವರಿಗೆ ಮಗ್ಗದ ಗಂಜಿ ತಿನ್ನಿಸಿದರಂತೆ ಎಂದು ಮಧುಗಿರಿ ಸಂತೆಯಿಂದ ಪಾವಗಡದ ಸಂತೆಯ ತನಕ ಮಾತಾಗುತ್ತದೆ. ಅದರಲ್ಲೂ ಮಾಡಿದ್ದು ಹುಡುಗಿಯೇ ಎಂದು ಸೋದರತ್ತೆ ಆಗಲೇ ಡಂಗುರ ಹೊಡೆದಾಗಿತ್ತು.

"ಹೇಳ್ಬ್ಯಾಡಿ" ಎಂದಳು ಸೋದರತ್ತೆ. "ಉಂಡು ಓಗ್ಲಿ. ದೇವ್ರವ್ನೆ."

ಅಪ್ಪ ಅವ್ವನ ಮುಖ ನೋಡಿದ. ಅವ್ವ ಅಪ್ಪನ ಮುಖ ನೋಡಿದಳು. ಇಬ್ಬರೂ ಹೇಳುವವರಲ್ಲ ಎಂದು ನನಗೆ ಗೊತ್ತಾಯಿತು. ಆ ಮುದುಕಿ ರಾತ್ರಿ ಹೊಟ್ಟೆ ಹಿಡಿದುಕೊಂಡು ಗಾಡಿಯಲ್ಲಿ ಹೊರಳಾಡುವುದು ನನ್ನ ಕಣ್ಣಿಗೆ ಕಟ್ಟಿತು. ಮದುವೆ ಹೋದರೆ ಹೋಗಲಿ ಎಂದುಕೊಂಡೆ. ಹಾಗೆ ಅಂದುಕೊಂಡಾಗ ಎದೆಯಲ್ಲಿ ಎಷ್ಟು ನೋವಾಯಿತು ಎಂದರೆ, ಆ ಹುಡುಗ ನನಗೆ ಎಷ್ಟು ಬೇಕಾಗಿದ್ದ ಎಂಬುದು ಆಗಲೇ ಸರಿಯಾಗಿ ತಿಳಿದದ್ದು.

ನಡುಮನೆಗೆ ಹೋಗಿ ಅಜ್ಜಿಯ ಮುಂದೆ ಕೂತೆ. "ಇನ್ನು ತಿನ್ಬೇಡಿ ಅವ್ವಾ. ಇದು ರಾಗಿದಲ್ಲ, ಹಾಸಿನ ನೂಲಿಗೆ ಬಳಿಯೋಕೆ ರುಬ್ಬಿದ್ದ ಹುಣಸೆ ಬೀಜ. ಮಡಕೆ ಅದಲುಬದಲಾಗೈತೆ. ಮಾಡಿದ್ದು ನಾನಲ್ಲ. ಆದ್ರೆ ಮಾಡಿದೋರಿಗೂ ಗೊತ್ತಿರ್ಲಿಲ್ಲ."

ಹುಡುಗನ ಅಪ್ಪ ಕೈಯಲ್ಲಿದ್ದ ತುಂಡನ್ನು ಎಲ್ಲಿಡಬೇಕೋ ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡ. ಅಜ್ಜಿ ಬಾಯಲ್ಲಿದ್ದುದನ್ನು ನಿಧಾನವಾಗಿ ಹೊರಳಿಸಿ, ನುಂಗಿ, ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡರು.

"ಅದಕ್ಕೇ! ಎಲ್ಲೋ ತಿಂದ ರುಚಿ, ಎಲ್ಲೋ ತಿಂದ ರುಚಿ ಅಂತ ಆವಾಗ್ಲಿಂದ ತಲೆ ಕೆಡಿಸ್ಕಂತಿದ್ದೆ. ಚಿಂತಗಿಂಜಲು, ಅದೇ ನಿಮ್ಮ ಹುಣಸೆ ಬೀಜ! ನಾನು ಸಣ್ಣೋಳಿದ್ದಾಗ ದೊಡ್ಡ ಬರ ಬಂದಿತ್ತಮ್ಮಾ, ಆವಾಗ ನಮ್ಮ ಕಡೆ ಇದೇ ಹಿಟ್ಟಿನ ಅಂಬ್ಲಿ ಕುಡ್ದು ಬದುಕ್ದೋ. ಬೆಲ್ಲ ಯಾರು ಕಂಡಿದ್ರು? ಬೆಲ್ಲ ಹಾಕಿದ್ರೆ ಇಂಗಾಯ್ತದೆ ಅಂತ ಇವತ್ತು ಗೊತ್ತಾತು."

"ಕರುಳು..." ಎಂದಳು ಸೋದರತ್ತೆ ಬಾಗಿಲಿನಿಂದ.

"ಕರುಳಿಗೇನಾಗಿತ್ತು? ಅದು ತಿಂದ ಕರುಳಿಗೇ ಆರು ಮಕ್ಕಳು ಹುಟ್ಟಿದ್ದು."

ನಮ್ಮ ಮನೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಈಗಲೂ ನೆನಪಿದೆ. ಅವ್ವ ಅಳುತ್ತಲೂ ನಗುತ್ತಲೂ ನೀರಿನ ಚೊಂಬು ತಂದಳು. ಆದರೆ ಅಜ್ಜಿ ನೀರು ಮುಟ್ಟಲಿಲ್ಲ. ಗಿಡುಗನ ಕಣ್ಣು ಹೊರಗಿನ ಬಯಲಿಗೆ ಹೋಗಿತ್ತು.

"ಹಂಗಾದ್ರೆ ಅಲ್ಲಿ ನೂಲಿಗೆ ಹಚ್ಚಿರೋದು ಏನು?"

ಅಜ್ಜಿ ಕೋಲೂರಿಕೊಂಡು ಎದ್ದು ಹೊರಟರು, ನಾವೆಲ್ಲ ಹಿಂದೆ. ಹಾಸು ನೋಡುವುದಕ್ಕೇ ಅಸಹ್ಯವಾಗಿತ್ತು. ಹತ್ತಿ ನೂಲಿಗೆ ರಾಗಿ ಗಂಜಿ ಹಾಕುವವರುಂಟು, ಕುರಿ ಉಣ್ಣೆಗೆ ಅದು ಹಿಡಿಯುವುದಿಲ್ಲ. ಒಣಗಿ, ಬಿರಿದು, ಕಪ್ಪು ಎಳೆಗಳ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತಿತ್ತು. ಅಪ್ಪ ತಲೆ ತಗ್ಗಿಸಿದ. ಅಷ್ಟು ದಿನ ಕೂತು ನೂತದ್ದು ಅದು. ಯಾರಾದರೂ ಮೇಲೆ ಮಣ್ಣು ಎಳೆದು ಮುಚ್ಚಬಾರದೇ ಅನ್ನಿಸಿತು ನನಗೆ.

ಅಜ್ಜಿ ಅಂಗೈಯನ್ನು ಹಾಸಿನ ಮೇಲೆ ಎಳೆದರು. ರಾಗಿ ಪುಡಿ ಉದುರಿತು. ಇನ್ನೂ ಗಟ್ಟಿಯಾಗಿ ಉಜ್ಜಿದರು. ಎಲ್ಲ ಉದುರಿ ಬರೀ ನೂಲು ಉಳಿಯಿತು. ಒಂದು ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿದರು. ಇನ್ನೊಂದನ್ನು ಹುರಿ ಬಿಚ್ಚುವಂತೆ ಹಿಂದಕ್ಕೆ ತಿರುಗಿಸಿ ಬಿಟ್ಟರು, ಅದು ತಾನಾಗಿ ಮತ್ತೆ ಹುರಿಗೊಂಡಿತು. ಬಿಳಿ ಅಂಚಿನ ಎಳೆಗಳನ್ನು ಒಂದೊಂದಾಗಿ ಮೀಟಿದರು. ಹಾಸಿನ ಈ ತುದಿಯಿಂದ ಆ ತುದಿಯವರೆಗೆ ಹೀಗೇ ನಡೆದರು.

"ಗಂಜಿ ಕುಡ್ದ ನೂಲನ್ನ ನಾನು ನಂಬಾಕಿಲ್ಲ ಕಣಪ್ಪ" ಎಂದರು ಅಪ್ಪನಿಗೆ. "ಹೆಣ್ಣು ನೋಡಾಕೆ ಹೋದ ಕಡೆಯೆಲ್ಲ ಬಿಗಿಯಾಗಿ ಚಿಂತಗಿಂಜಲ ಗಂಜಿ ಎಳ್ದು ನಿಲ್ಸಿರ್ತಾರೆ. ಮೇಲೆ ಥಳಥಳ, ಒಳಗೆ ಜೊಳ್ಳು. ಒಂದು ಮಳೆ ಬಿದ್ರೆ ಅಂಟು ಬಿಡ್ತು, ಕಂಬ್ಳಿ ಜರಡಿ ಆಯ್ತು. ಇವತ್ತು ನಿಮ್ಮನೇಲಿ ಮುಚ್ಚಾಕೆ ಏನೂ ಇರ್ಲಿಲ್ಲ ನೋಡು. ಒಂದ್ ಎಳೆನೂ ಕಡೀಲಿಲ್ಲ."

ಅಪ್ಪನಿಗೆ ಅದು ಹೊಗಳಿಕೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವ ನೆವದಲ್ಲಿ ಆಚೆ ತಿರುಗಿದ. ಭುಜ ಅಲುಗುತ್ತಿತ್ತು.

ಅಜ್ಜಿ ನನ್ನ ಹತ್ತಿರ ಬಂದರು. ನನ್ನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಕತ್ತು ಎತ್ತಿ ನನ್ನ ಮುಖವನ್ನು ಆ ದಿನ ಮೊದಲ ಸಲ ನೋಡಿದರು. ಅದುವರೆಗೆ ನೋಡಿಹೋದವರು ನಡೆಸಿ ನೋಡಿದ್ದರು, ಕೂರಿಸಿ ನೋಡಿದ್ದರು, ಕೂದಲು ಬಿಚ್ಚಿಸಿ ನೋಡಿದ್ದರು. ನನಗೇನು ಬೇಕು ಎಂದು ಅವರೂ ಕೇಳಿರಲಿಲ್ಲ, ನಮ್ಮ ಮನೆಯವರೂ ಕೇಳಿರಲಿಲ್ಲ.

"ನಂಗೆ ನೀನು ಬೇಕು" ಎಂದರು ಅಜ್ಜಿ. "ನಮ್ಮುಡ್ಗ ನಿಂಗೆ ಬೇಕೇನಮ್ಮಾ?"

ಹೆಣ್ಣುಮಕ್ಕಳು ಇಂಥ ಕಡೆ ತಲೆ ಬಗ್ಗಿಸಿ ಸೆರಗು ಸುತ್ತಬೇಕು, ನಾಲ್ಕು ಸಲ ಕೇಳಿಸಿಕೊಳ್ಳಬೇಕು ಎಂದು ಅವ್ವ ಹೇಳಿಕೊಟ್ಟಿದ್ದಳು. ನನಗೆ ಅದೊಂದೂ ನೆನಪಿಗೆ ಬರಲಿಲ್ಲ.

"ಬೇಕು" ಎಂದೆ. ಎಷ್ಟು ಗಟ್ಟಿಯಾಗಿ ಅಂದೆನೋ, ಗಾಡಿಯ ಹತ್ತಿರ ನಿಂತಿದ್ದ ಗಂಡಸರೆಲ್ಲ ಮಾತು ನಿಲ್ಲಿಸಿ ತಿರುಗಿ ನೋಡಿದರು.